ಅವರೆಬೇಳೆ ನೆಪದ ಇಂಗ್ಲಿಷ್ ಪಾಠ

ಮೊನ್ನೆ ಸಂಜೆ ಕಚೇರಿಯಿಂದ ಬರುವಾಗ ಹೆಬ್ಬಾಳದ ಮೇಲ್ಸೇತುವೆ ಕೆಳಗೆ ಗೋಣಿಚೀಲ ಹಾಸಿ ಅವರೆಕಾಯಿ ರಾಶಿ ಹಾಕಿದ್ದರು. ಎರಡು ಕೆಜಿ ತೆಗೆದುಕೊಂಡೆ. ಬಸ್ಸಿನಲ್ಲಿ ನಿಂತಾಗ ಕೈಗೆ ಅಂಟಿದ ಸೊಗಡಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ತಣಿಸಂದ್ರ ಬರುವ ತನಕ ತಲೆಯಲ್ಲಿ ಒಬ್ಬರೇ ಇದ್ದರು... ನಮ್ಮ ಟೀಚರಮ್ಮ.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲ ಆಸಾಮಿ ನಾನು. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಆದರೆ ಆ ಡಿಗ್ರಿ ಕೈತಪ್ಪುವುದರಲ್ಲಿತ್ತು. ಬಿ.ಎ.ಯ ಉಳಿದ ಪೇಪರೆಲ್ಲ ಮುಗಿದು ಇಂಗ್ಲಿಷ್ ಒಂದು ಬಾಕಿಯಿತ್ತು. ಎರಡು ಸಲ ಕಟ್ಟಿದ್ದೆ, ಎರಡು ಸಲವೂ ಫೇಲು. ಗಾರೆ ಕೆಲಸ ಮಾಡುತ್ತಿದ್ದ ಅಪ್ಪ, ಇಬ್ಬರು ಚಿಕ್ಕಪ್ಪಂದಿರನ್ನೂ ಜಗಲಿಯಲ್ಲಿ ಕೂರಿಸಿಕೊಂಡು ತೀರ್ಪು ಕೊಟ್ಟೇಬಿಟ್ಟ.

“ಎಲ್ಡು ಸಲ ಡುಮ್ಕಿ ಒಡ್ದವ್ಳೆ. ಓದಿದ್ದು ಸಾಕು. ಯುಗಾದಿ ಕಳೀಲಿ, ಗಾರ್ಮೆಂಟ್ಸ್‌ಗೆ ಓಗ್ಲಿ. ಅಲ್ಲೀಗಂಟ ಪುಸ್ತಕ ಕೈಯಾಗೆ ಕಂಡ್ರೆ ನಾನ್ ಸುಮ್ಕಿರಾಕಿಲ್ಲ.”

ಮೂರನೇ ಸಲದ ಪರೀಕ್ಷೆ ಯುಗಾದಿಗೆ ಹತ್ತು ದಿನ ಮುಂಚೆ ಇತ್ತು. ಅದೊಂದು ದಾಟಿದರೆ ಸಾಕಿತ್ತು ನನಗೆ.

ಟೀಚರಮ್ಮ ನಮ್ಮ ಹಿಂದಿನ ಬೀದಿಯಲ್ಲಿದ್ದ ನಿವೃತ್ತ ಶಾಲಾ ಶಿಕ್ಷಕಿ. ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ನಾನು ನೀರಿನ ಕೊಳಾಯಿಯ ಹತ್ತಿರ ಅತ್ತಿದ್ದನ್ನು ನೋಡಿದ್ದರೋ ಏನೋ, ಮಾರನೆಯ ದಿನ ನಮ್ಮ ಮನೆ ಬಾಗಿಲಿಗೆ ಬಂದು ನಿಂತರು. ಪರೀಕ್ಷೆಯ ಸುದ್ದಿಯನ್ನೇ ಎತ್ತಲಿಲ್ಲ. “ಯಜಮಾನ್ರೇ, ನನಗೆ ಅವರೆಬೇಳೆ ಹಿಚುಕಬೇಕು. ಬೆರಳು ಮಡಚೋಕೇ ಆಗ್ತಿಲ್ಲ. ಸಂಜೆ ಹೊತ್ತು ಮಗಳನ್ನ ಕಳಿಸ್ಕೊಡಿ. ಬೇಳೆಯಲ್ಲಿ ನಿಮಗೂ ಒಂದು ಪಾಲು” ಎಂದರು. ಹಿರಿಯರು ಬಂದು ಕೇಳಿದ ಮೇಲೆ ಇಲ್ಲ ಎನ್ನುವುದು ಹೇಗೆ? ಅಪ್ಪ ಹೂಂ ಎಂದ.

ಹೋದೆ. ನೆನೆಹಾಕಿದ ಕಾಳಿನ ಪಾತ್ರೆ ಒಂದು ಕಡೆ, ಮೊರ ಇನ್ನೊಂದು ಕಡೆ, ಮೊರದ ಕೆಳಗೆ ಗ್ರಾಮರ್ ಪುಸ್ತಕ. ಬಾಗಿಲು ಮುಂದೆ ಮಾಡಿ “ಎಲ್ಲಿ ಎಡವಿದ್ದೀಯ ಹೇಳು” ಎಂದರು.

ಎಡವಿದ್ದು ಜೋಡಿಪದಗಳಲ್ಲಿ. ಈದರ್-ಆರ್, ನೈದರ್-ನಾರ್, ನಾಟ್ ಓನ್ಲಿ-ಬಟ್ ಆಲ್ಸೋ. ಗೈಡು ನೋಡಿ ಬಾಯಿಪಾಠ ಮಾಡಿದ್ದೆ. ವಾಕ್ಯ ಒಂಚೂರು ತಿರುಗಿಸಿ ಕೇಳಿದರೆ ಬೆವರುತ್ತಿದ್ದೆ. ಟೀಚರಮ್ಮ ಒಂದು ಹಿಡಿ ಕಾಳಿಗೆ ಒಂದು ವಾಕ್ಯ ಎಂದು ಕಟ್ಟಳೆ ಮಾಡಿದರು. ಹಿಚುಕುತ್ತಾ ಹೇಳಬೇಕು. ತಪ್ಪಿದರೆ ಇನ್ನೊಂದು ಹಿಡಿ.

“ಜೋಡಿಪದ ಅಂದ್ರೆ ನೊಗ ಕಣೇ. ಈ ಕಡೆ ಎತ್ತು ಕಟ್ಟಿ ಆ ಕಡೆ ಮೇಕೆ ಕಟ್ಟಿದ್ರೆ ಗಾಡಿ ಹೋಗುತ್ತಾ? ಇಲ್ಲಿ ಹೆಸರು ಇಟ್ರೆ ಅಲ್ಲೂ ಹೆಸರು, ಇಲ್ಲಿ ಕೆಲಸ ಇಟ್ರೆ ಅಲ್ಲೂ ಕೆಲಸ.”

ಮೂರು ವರ್ಷ ಕಾಲೇಜಿನಲ್ಲಿ ಹತ್ತದ್ದು ಆ ಸಂಜೆ ತಲೆಗೆ ಹತ್ತಿತು.

ವಾಕ್ಯಗಳೆಲ್ಲ ನಮ್ಮ ಮನೆಯವೇ. ಒಂದು ದಿನ ತುಂಟತನ ಬಂದು, ‘ಚಿಕ್ಕಪ್ಪಂದಿರಿಗೂ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ’ ಅನ್ನುವುದನ್ನು ಇಂಗ್ಲಿಷ್‌ನಲ್ಲಿ ಹೇಳು ಎಂದರು. ನಾನು “ನೈದರ್ ಮೈ ಅಂಕಲ್ಸ್ ನಾರ್ ಮೈ ಫಾದರ್ ನೋ” ಎಂದೆ.

“ಬಾಗಿಲು ತಟ್ಟಿದ್ರೆ ಯಾರು ಏಳ್ಬೇಕು? ಬಾಗಿಲ ಪಕ್ಕ ಕೂತಿರೋರು ತಾನೇ? ಕ್ರಿಯಾಪದದ ಪಕ್ಕ ಕೂತಿರೋದು ನಿಮ್ಮಪ್ಪ, ಒಬ್ಬರೇ. ನೋಸ್! ಜೋರಾಗಿ ಹೇಳು.”

ಜೋರಾಗಿಯೇ ಹೇಳಿದೆ. ತಿರುಗಿ ನೋಡಿದರೆ ಕಿಟಕಿಯಾಚೆ ಗೇಟಿನ ಬಳಿ ಅಪ್ಪ! ಎಷ್ಟು ಹೊತ್ತಿನಿಂದ ನಿಂತಿದ್ದನೋ...

“ಕತ್ಲಾಯ್ತು. ಬ್ಯಾಳೆ ಮುಗೀತಾ?” ಎಂದ.

ಟೀಚರಮ್ಮ ಮೊರವನ್ನು ಪುಸ್ತಕದ ಮೇಲೆ ಎಳೆದುಕೊಂಡರು. “ಇನ್ನೂ ಅರ್ಧ ಇದೆ ಯಜಮಾನ್ರೇ.”

“ಆಗ್ಲಿ ಬುಡಿ. ಕೆಲ್ಸ ಅರ್ಧಕ್ಕೆ ನಿಲ್ಬಾರ್ದು” ಎಂದು ಹೊರಟುಹೋದ. ಸದ್ಯ, ಕೇಳಿಸಿಲ್ಲ ಎಂದುಕೊಂಡು ನಾನು ಉಸಿರು ಬಿಟ್ಟೆ. ಟೀಚರಮ್ಮ ಮಾತ್ರ ಗೇಟಿನ ಕಡೆಯೇ ನೋಡುತ್ತಾ ಸಣ್ಣಗೆ ನಕ್ಕರು.

ಅವರೆ ಕಾಲ ಮುಗಿಯಿತು. ಪರೀಕ್ಷೆಗೆ ಇನ್ನೂ ಒಂದು ತಿಂಗಳ ಮೇಲಿತ್ತು. ಇನ್ನು ಯಾವ ನೆಪ ಹೂಡುವುದೋ ತಿಳಿಯದೆ ನಾನು ಒದ್ದಾಡುತ್ತಿದ್ದರೆ, ಅಪ್ಪನೇ ಒಂದು ದಿನ ಎಲ್ಲಿಂದಲೋ ಅರ್ಧ ಮೂಟೆ ಹುಣಸೆಹಣ್ಣು ಹೊತ್ತು ತಂದ. “ಇದ್ನ ಟೀಚರಮ್ಮಂಗೆ ಕೊಡು. ಬೀಜ ಬಿಡ್ಸಾಕೆ ಕೈ ಬೇಕಲ್ಲ, ನೀನೇ ಓಗು.” ನನ್ನ ಅದೃಷ್ಟ ಎಂದುಕೊಂಡೆ. ಹುಣಸೆಹಣ್ಣಿನಲ್ಲಿ ಉಳಿದ ಪಾಠ ಮುಗಿಯಿತು. ಪರೀಕ್ಷೆಯ ದಿನ, ಟೀಚರಮ್ಮನ ಜೊತೆ ಯಶವಂತಪುರಕ್ಕೆ ಸಾಮಾನು ತರಲು ಹೋಗುತ್ತೇನೆಂದು ಹೇಳಿ ಹೊರಟೆ.

ಪಾಸಾದೆ. ಟೀಚರಮ್ಮ ಅಂಕಪಟ್ಟಿಯನ್ನು ಎರಡು ಸಲ ಓದಿ, “ಇನ್ನು ಕೈ ತೊಳ್ಕೋ ಹೋಗು” ಎಂದರು. ಮುಖ ಆ ಕಡೆ ತಿರುಗಿಸಿಕೊಂಡಿದ್ದರು. ಅಪ್ಪ ಅದನ್ನು ಚಿಕ್ಕಪ್ಪಂದಿರ ಮುಂದೆ ಹಿಡಿದು “ನೋಡ್ರಲಾ” ಎಂದ. ಯಾವಾಗ ಓದಿದೆ, ಯಾವಾಗ ಬರೆದೆ ಎಂದು ಕೇಳಲೇ ಇಲ್ಲ. ಗಾರ್ಮೆಂಟ್ಸ್ ಸುದ್ದಿಯೂ ಅಲ್ಲಿಗೇ ನಿಂತಿತು. ಖುಷಿಯಲ್ಲಿ ನಾನು ಯಾವುದನ್ನೂ ಗಮನಿಸಲಿಲ್ಲ.

ಟೀಚರಮ್ಮ ತೀರಿಕೊಂಡಾಗ ನಾನು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದೆ. ಸುದ್ದಿ ಮುಟ್ಟುವ ಹೊತ್ತಿಗೆ ಹನ್ನೊಂದನೆಯ ದಿನವೂ ಕಳೆದಿತ್ತು...

ಮೊನ್ನೆ ಮನೆಗೆ ಬಂದು ಕಾಯಿ ಸುಲಿಯಲು ಕೂತೆ. ಎಂಬತ್ತರ ಹತ್ತಿರವಿರುವ ಅಪ್ಪನೂ ಪಕ್ಕದಲ್ಲಿ ಕೂತ. ಇಷ್ಟು ವರ್ಷವಾದ ಮೇಲೆ ಬಚ್ಚಿಡುವುದೇನು ಎಂದು, ಟೀಚರಮ್ಮ ನನ್ನನ್ನು ಕರೆದದ್ದು ಬೇಳೆಗಲ್ಲ, ಪಾಠಕ್ಕೆ ಎಂದು ಹೇಳಿಬಿಟ್ಟೆ. ಅಪ್ಪ ತಲೆ ಎತ್ತಲಿಲ್ಲ.

“ಒಂಟಿ ಎಂಗ್ಸು. ಅಷ್ಟೊಂದು ಬ್ಯಾಳೆ ಯಾರಿಗ್ ಬೇಯ್ಸಿ ಆಕ್ತಾರೆ? ಅಷ್ಟೂ ತಿಳೀಕಿಲ್ವಾ ನಂಗೆ?”

“ಮತ್ತೆ ಓದ್ಕೋ ಅಂತ ಒಂದು ಮಾತು ಹೇಳ್ಬೋದಿತ್ತಲ್ಲಪ್ಪಾ!”

“ತಮ್ಮಂದ್ರ ಮುಂದೆ ಬ್ಯಾಡ ಅಂದ್ಬುಟ್ಟಿದ್ದೆ. ಆಡಿದ್ ಮಾತ್ನ ಎಂಗವ್ವ ವಾಪಸ್ ತಗಳ್ಳಾದು? ಆಯಮ್ಮ ಬಂದು ದಾರಿ ಮಾಡ್ಕೊಟ್ರು.”

ಅಪ್ಪನಿಗೆ ಗೊತ್ತು ಎಂಬುದು ಟೀಚರಮ್ಮನಿಗೂ ಗೊತ್ತಿತ್ತೇ? ಕೇಳೋಣವೆಂದರೆ ಅವರಿಲ್ಲ. ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳದೆ ನನ್ನನ್ನು ದಡ ಮುಟ್ಟಿಸಿದ ಇಬ್ಬರಲ್ಲಿ ನನಗೆ ಉಳಿದಿರುವುದು ಒಬ್ಬರೇ. ಟೀಚರಮ್ಮನಿಗೆ ಹೇಳದೆ ಉಳಿಸಿಕೊಂಡದ್ದನ್ನು ಅಪ್ಪನಿಗಾದರೂ ಹೇಳಬೇಕೆನಿಸಿತು. ನಿನ್ನಿಂದ ನಾನು ಡಿಗ್ರಿ ಮಾಡಿದೆ ಅಪ್ಪಾ ಎಂದೆ.

“ಸುಮ್ಕಿರು” ಎಂದ. “ಉಳ ನೋಡ್ಕಂಡು ಸುಲಿ.”