ಶನಿವಾರದ ರಕ್ತ

ಮಗುವಿಗೆ ತುತ್ತು ಕೊಡುವಾಗಲೂ ಅವಳಿಗೆ ಅದೇ ಯೋಚನೆ: ತನ್ನ ವರದಿ ನಂಬಿ, ನಾಡಿದ್ದು ಯಾರದೋ ಏಳು ವರ್ಷದ ಹುಡುಗಿಯ ಹೊಟ್ಟೆ ಕೊಯ್ದು ಗುಲ್ಮ, ಅಂದರೆ ಸ್ಪ್ಲೀನ್, ತೆಗೆದುಬಿಡುತ್ತಾರೆ. ಎದ್ದು ಹೋಗಿ ನಾಲ್ಕನೆಯ ಸಲ ಕೈ ತೊಳೆದಳು.

ಎಂಟು ವರ್ಷದಿಂದ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅವಳದು ಕೆಂಪು ಕಣಗಳ ಪೊರೆಯ ಗಟ್ಟಿತನ ನೋಡುವ ಕೆಲಸ. ಸಾಲಾಗಿ ನಿಂತ ಗಾಜಿನ ನಳಿಕೆಗಳಲ್ಲಿ ಒಂದಕ್ಕಿಂತ ಒಂದು ಉಪ್ಪು ಕಡಿಮೆಯಾದ ನೀರು, ಪ್ರತಿಯೊಂದಕ್ಕೂ ತೊಟ್ಟು ರಕ್ತ. ನೀರು ಪೊರೆ ದಾಟಿ ಒಳಹೋಗುತ್ತದೆ, ಕಣ ಉಬ್ಬುತ್ತದೆ. ಗಟ್ಟಿ ಪೊರೆ ತಾಳುತ್ತದೆ. ದುರ್ಬಲ ಪೊರೆ ಬೇಗ ಒಡೆದು ನೀರೆಲ್ಲ ಕೆಂಪು. "ಕಣ್ಣಿಗೇ ಕಾಣಲ್ಲ, ಎಷ್ಟು ತಡ್ಕೊಳ್ಳತ್ತೆ ಗೊತ್ತಾ!" ಎಂದು ಹೊಸದರಲ್ಲಿ ಗಂಡನ ತಲೆ ತಿಂದಿದ್ದಳು.

ಈಗ ಆ ಕೋಣೆ ನೆನೆದರೇ ಹೇಸಿಗೆ. ಕಾರಣ, ಲ್ಯಾಬಿನ ಮೇಲಧಿಕಾರಿ. ಎಲ್ಲರೂ ಅವನನ್ನು ಕರೆಯುವುದೇ 'ನಡೆಯುತ್ತೆ ಸಾರ್' ಎಂದು. ಬೆಳಿಗ್ಗೆ ಅವನು ಕೊಟ್ಟ ಹುಡುಗಿಯ ರಕ್ತವನ್ನು ಇವಳು ಪರೀಕ್ಷಿಸಿ, ಪೊರೆ ದುರ್ಬಲ ಎಂದು ಬರೆದೂ ಆಗಿತ್ತು. ಅಂಥ ಕಣಗಳನ್ನು ಗುಲ್ಮ ಹಿಡಿದು ಒಡೆಯುತ್ತದೆ, ಅದಕ್ಕೇ ಗುಲ್ಮ ತೆಗೆಯುವುದು. ಆಮೇಲೆ ರಕ್ತದ ಸೀಸೆಯ ಮೇಲಿನ ಚೀಟಿ ನೋಡಿದರೆ, ಶನಿವಾರದ್ದು!

"ಸಾರ್, ಎರಡು ದಿನ ಹಳೇ ರಕ್ತ ಇದು. ಫ್ರಿಜ್ಜಲ್ಲಿ ಇಟ್ಟಿರ್ಲಿಲ್ವಾ? ಹೊರಗಿಟ್ರೆ ಯಾರ ಪೊರೆಯಾದ್ರೂ ಒಡೆಯತ್ತೆ!"

"ಫ್ರಿಜ್ಜಲ್ಲಿ ನನ್ನ ತಿಂಡಿ ಡಬ್ಬಿಗೆ ಜಾಗ ಇರ್ಲಿಲ್ಲಮ್ಮ, ತೆಗೆದಿಟ್ಟೆ. ಮರೆತ್ಹೋಯ್ತು. ನಡೆಯುತ್ತೆ ಬಿಡು, ಡಾಕ್ಟ್ರು ಆಗ್ಲೇ ಎರಡು ಸಲ ಕೇಳಿದಾರೆ."

ಬ್ರೆಡ್ಡಿನ ಪುಡಿ ಮೆತ್ತಿದ ಬೆರಳಲ್ಲೇ ವರದಿಗೆ ಸಹಿ ಗೀಚಿದ. ಕಾಗದದ ಮೇಲೆ ಎಣ್ಣೆಯ ಕಲೆ. ಅಸಹ್ಯವಾಯಿತು. ಆದರೂ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಈಗ ಆ ಕಲೆಗಿಂತ ಅಸಹ್ಯ ತನ್ನ ಆ ಮೌನವೇ.

"ಏನೇ, ಚರ್ಮ ಕಿತ್ತುಬರೋ ಹಾಗೆ ಉಜ್ಜ್ತಿದೀಯಾ?" ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ವಾಸನೆ ಹೋಗ್ತಿಲ್ಲ ಅತ್ತೆ." ಅಲ್ಲಿಗೆ ತಡೆಯಲಾರದೆ ಎಲ್ಲ ಹೇಳಿದಳು.

"ಥೂ! ರಕ್ತದ ಪಕ್ಕ ತಿಂಡಿನಾ? ಅವನ ಹೊಟ್ಟೆ ಸೇದಿಹೋಗ!" ಎಂದು ಮುಖ ಕಿವುಚಿದ ಅತ್ತೆ, ಆಮೇಲೆ ಮೆಲ್ಲಗೆ ಕೇಳಿದರು: "ಆ ಹುಡುಗಿ ತಾಯಿಗೆ ಗೊತ್ತೇನೇ?"

"ಹೇಗೆ ಗೊತ್ತಿರತ್ತೆ? ಹೇಳಿದ್ರೆ ನನ್ನ ಕೆಲಸಕ್ಕೇ ಸಂಚಕಾರ."

ಅತ್ತೆ ಮಗುವಿನ ಬಾಯಿ ಒರೆಸಿ ಎತ್ತಿಕೊಂಡರು. ಮಗು ಅವರ ಹೆಗಲ ಮೇಲಿಂದ ಇವಳತ್ತ ಕೈ ಚಾಚಿತು. ಒದ್ದೆ ಕೈಯಲ್ಲಿ ಮಗುವನ್ನು ಮುಟ್ಟಲು ಅವಳಿಗೆ ಮನಸ್ಸಾಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡಳು.

"ಡಾಕ್ಟ್ರೇ, ಲ್ಯಾಬಿಂದ ಮಾತಾಡ್ತಿದೀನಿ. ನಾಡಿದ್ದಿನ ಆಪರೇಷನ್ ನಿಲ್ಲಿಸಿ. ಹುಡುಗಿ ರಕ್ತ ಹೊಸದಾಗಿ ತೆಗೀಬೇಕು... ಹೂಂ, ವರದಿ ತಪ್ಪು. ಬರೆದೋಳು ನಾನೇ."