ಬ್ಯಾನರ್‌ಗೆ ಅವರದೇ ಫೋಟೊ

ನಾನು ಕೆಲಸಕ್ಕಿದ್ದ ಅಂಗಡಿಯ ಮಾಲೀಕ ಹನುಮಂತಣ್ಣ ತಮ್ಮದೇ ಫೋಟೊ ತಂದು ನನ್ನ ಮುಂದಿಟ್ಟು, "ಶ್ರದ್ಧಾಂಜಲಿ ಬ್ಯಾನರ್‌ಗೆ ನಾಕು ಸಾಲು ಬರಿ ತಂಗಿ" ಅಂದರು.

"ಹಂಗ್ಯಾಕಂತೀರಿ ಅಣ್ಣಾ?"

"ನಾ ಹೋದಮ್ಯಾಲ ನೀ ಬರದ್ರ ತಿದ್ದೋರ್ಯಾರು?"

ಸಂಡೂರಿನ ಗಣಿಯಲ್ಲಿ ಲಾರಿ ಓಡಿಸಿ, ಧೂಳಿಗೆ ಶ್ವಾಸಕೋಶ ಕೆಟ್ಟ ಮೇಲೆ ಹೊಸಪೇಟೆಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟವರು ಅವರು. ಕಥೆ ಬರೆಯುವ ಹುಚ್ಚಿನ ನನಗೆ ಬರವಣಿಗೆ ಕಲಿಸಿದ್ದು ಸತ್ತವರ ಬ್ಯಾನರ್‌ಗಳ ಮೇಲೆ. 'ಮತ್ತೆ ಹುಟ್ಟಿ ಬನ್ನಿ' ಎಂದು ಹಾಕಿದಾಗಲೆಲ್ಲ ಅಳಿಸಿಸುತ್ತಿದ್ದರು. "ಇದು ಊರಿಗೆಲ್ಲ ಒಪ್ಪತೈತಿ. ಇದ್ರಾಗ ಈ ಮನಶ್ಯಾ ಎಲ್ಲದಾನ?" ಎಂದು ರೇಗಿ, ಸತ್ತವರ ಬಗ್ಗೆ ಮನೆಯವರನ್ನು ಕೇಳಿ ಬರಲು ಕಳಿಸುತ್ತಿದ್ದರು.

ಅಂದು ನಾಲ್ಕು ಸಾಲು ಬರೆದೆ. ಉಳಿದದ್ದೆಲ್ಲ ಹೊಡೆದುಹಾಕಿ ಅವರು ಒಂದೇ ಸಾಲು ಉಳಿಸಿದರು: 'ಕೆಮ್ಮುತ್ತಲೇ ನಮ್ಮನ್ನು ನಗಿಸುತ್ತಿದ್ದರು.'

ಮುಂದಿನ ತಿಂಗಳೇ ಆ ಬ್ಯಾನರನ್ನು ಗಾದಿಗನೂರಿನಲ್ಲಿ ಅವರ ಮನೆಯೆದುರು ಕಟ್ಟಿದೆವು. ನಿಂತು ಓದಿದೆ. ಸಾಲು ಸರಿಯಾಗಿಯೇ ಇತ್ತು. ಆದರೆ ನನ್ನ ಬಾಯಿಗೆ ಬಂದದ್ದು ಅವರು ಅಳಿಸಿಸುತ್ತಿದ್ದ ಆ ಮಾತೇ. "ಮತ್ತ ಹುಟ್ಟಿ ಬರ್ರಿ ಅಣ್ಣಾ" ಅಂದೆ. ಬೈಯಲು ಅವರಿರಲಿಲ್ಲ.