ಗೋಡೆಯ ಮುದುಕಿಯೂ ನಮ್ಮ ಬಾವಿಯೂ

ಮಂಗಳೂರಿನಲ್ಲಿ ಚಳಿಗಾಲ ಉಂಟು ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ನಗಲಿ. ನಮ್ಮ ಚಳಿ ನಮಗೆ. ಅದು ಬಂತೆಂದು ನಮಗೆ ತಿಳಿಸುವುದು ತೆಂಗಿನೆಣ್ಣೆಯ ಕುಪ್ಪಿ. ಒಂದು ದಿನ ಬೆಳಿಗ್ಗೆ ಕುಪ್ಪಿ ಬಗ್ಗಿಸಿದರೆ ಎಣ್ಣೆ ಬೀಳುವುದಿಲ್ಲ, ಒಳಗೆ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ಅಂದಿನಿಂದ ಚಳಿ ಶುರು. ಬೆಳಿಗ್ಗೆ ಒಂದಿಷ್ಟು ಮಂಜು, ಮಧ್ಯಾಹ್ನ ಮತ್ತೆ ಬೆವರು.

ಈಗ ನನಗೆ ಆಗಿನ ನನ್ನ ಅಜ್ಜಿಯಷ್ಟೇ ಪ್ರಾಯ. ಪ್ರತಿವರ್ಷ ಈ ದಿನಗಳಲ್ಲಿ ಪತ್ರಿಕೆಯಲ್ಲಿ ಒಂದು ಚಿತ್ರ ಬರುತ್ತದೆ. ಕಂಬಳಿ ಹೊದ್ದ ಒಬ್ಬ ಮುದುಕ, ಬೆಂಕಿಯ ಕಡೆ ಚಾಚಿದ ಎರಡು ಕೈ. ಅವನಿಗೆ ಹೆಸರಿಲ್ಲ, ಊರಿಲ್ಲ, ಮುಖವೂ ಅರ್ಧವೇ. ಚಳಿಯನ್ನು ತೋರಿಸಲಿಕ್ಕೆ ಇವರು ಮುದುಕರನ್ನೇ ಯಾಕೆ ಹಿಡಿದು ಕೂರಿಸುತ್ತಾರೆ ಎಂಬುದು ನನ್ನ ಬಹಳ ಹಳೆಯ ಪ್ರಶ್ನೆ. ಅದು ಹುಟ್ಟಿದ್ದು ಕಂಕನಾಡಿಯ ನಮ್ಮ ಮನೆಯ ಚಾವಡಿಯಲ್ಲಿ, ನನ್ನ ಚೊಚ್ಚಲ ಬಾಣಂತನದ ವರ್ಷ. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ.

ನಮ್ಮದು ಅಳಿಯಸಂತಾನದ ಕುಟುಂಬ. ಮನೆ ಅಜ್ಜಿಯದು, ಕಾರುಬಾರು ಅವಳ ಮಗ, ಅಂದರೆ ನನ್ನ ಸೋದರಮಾವನದು. ಮಾವನಿಗೆ ಮಾರ್ಕೆಟಿನ ಹತ್ತಿರ ಜಿನಸಿನ ಅಂಗಡಿ ಇತ್ತು. ಬೊಂಬಾಯಿಯ ಯಾವುದೋ ಟಾನಿಕ್ಕಿನ ಕಂಪೆನಿಯವರು ಅಂಗಡಿಗೆ ಕೊಟ್ಟ ಕ್ಯಾಲೆಂಡರನ್ನು ಅವರು ತಂದು ಚಾವಡಿಯ ಗೋಡೆಗೆ ತೂಗುಹಾಕಿದರು. ಬಣ್ಣದ ಚಿತ್ರ ಮನೆಗೆ ಬಂದದ್ದೇ ಒಂದು ಸಂಭ್ರಮ. ನೆರೆಕರೆಯವರೆಲ್ಲ ಒಂದೊಂದು ನೆವ ಮಾಡಿಕೊಂಡು ಬಂದು ನೋಡಿಹೋದರು.

ಚಿತ್ರದಲ್ಲಿ ಒಬ್ಬಳು ಬಿಳಿಯ ಮುದುಕಿ. ತಲೆಗೆ ಟೊಪ್ಪಿ, ಹೆಗಲಿಗೆ ಶಾಲು, ಮೊಣಕಾಲಿನ ಮೇಲೆ ಇನ್ನೊಂದು ಕಂಬಳಿ. ಬೆನ್ನು ಬಾಗಿ ಗಲ್ಲ ಎದೆಗೆ ತಾಗಿದೆ. ಎದುರಿಗೆ ಗೋಡೆಯ ಗೂಡಿನಲ್ಲಿ ಬೆಂಕಿ, ಪಕ್ಕದಲ್ಲಿ ಟಾನಿಕ್ಕಿನ ಕುಪ್ಪಿ. ಕಿಟಕಿಯ ಆಚೆ ಮರ, ಬೇಲಿ, ನೆಲ ಎಲ್ಲವೂ ಬೆಳ್ಳಗೆ.

ಆ ಬಿಳಿ ಎಂತದು ಎಂಬುದರ ಮೇಲೆ ನಮ್ಮಲ್ಲಿ ವಾರಗಟ್ಟಲೆ ಚರ್ಚೆ ನಡೆಯಿತು. ಮೀನು ತರುವ ಹೆಂಗಸು ಅದು ಉಪ್ಪು ಎಂದಳು. ಹಂಚಿನ ಕಾರ್ಖಾನೆಗೆ ಹೋಗುವ ಪಕ್ಕದ ಮನೆಯವರು ಸುಣ್ಣ ಎಂದರು. ನನ್ನ ಅಮ್ಮ ಹತ್ತಿ ಎಂದಳು. ಮಾವ ಅದು ಹಿಮ, ಆಕಾಶದಿಂದ ಬೀಳುವಂಥದ್ದು ಎಂದು ವಿವರಿಸಿದ ಮೇಲೆಯೂ ಯಾರೂ ನಂಬಲಿಲ್ಲ. ಅಜ್ಜಿ ಮಾತ್ರ ಹತ್ತಿರ ಹೋಗಿ ನೋಡಿ, ನಮ್ಮಲ್ಲಿ ಎಣ್ಣೆ ಕಟ್ಟುವ ಹಾಗೆ ಅವರಲ್ಲಿ ಊರೇ ಕಟ್ಟುತ್ತದೆ ಎಂದು ತೀರ್ಪು ಕೊಟ್ಟಳು.

ಆದರೆ ಅಜ್ಜಿಯ ಕುತೂಹಲವೆಲ್ಲ ಆ ಮುದುಕಿಯ ಮೇಲೆಯೇ. ಇವಳಿಗೆ ಸೊಸೆ ಉಂಟಾ? ಬೆಂಕಿಗೆ ಸೌದೆ ಯಾರು ಹಾಕುತ್ತಾರೆ? ಬೆಳಗಾಗಿದೆ, ಇವಳು ಇನ್ನೂ ಯಾಕೆ ಎದ್ದಿಲ್ಲ? ಬಂದವರನ್ನೆಲ್ಲ ಕೇಳಿದಳು. ಕೊನೆಗೆ ಮಾವನ ಹತ್ತಿರವೇ ಕೇಳಿದಳು.

"ಇವಳಿಗೆ ಎಂತ ಆದದ್ದು ಮಗಾ?"

ಪ್ರಾಯ ಆದದ್ದು, ಬೇರೆ ಎಂತದೂ ಇಲ್ಲ ಎಂದರು ಮಾವ. ಅಜ್ಜಿ ನಂಬಲಿಲ್ಲ. ಪ್ರಾಯ ತನಗೂ ಆಗಿದೆಯಲ್ಲ, ಅದು ಒಂದು ರೋಗವಾ ಎಂದಳು. ಮನೆಯ ಮಾತು ತುಳುವಾದರೂ ಗಾದೆ ಹೇಳಲಿಕ್ಕೆ ಅವಳಿಗೆ ಕನ್ನಡವೇ ಬೇಕು. "ಇರಲಿ, ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳಾ? ಬಾವಿಕಟ್ಟೆಯಲ್ಲಿ ಸಿಕ್ಕಿದಾಗ ನಾನೇ ಕೇಳ್ತೇನೆ" ಎಂದು ಎದ್ದುಹೋದಳು. ನಾವೆಲ್ಲ ನಕ್ಕೆವು.

ಬಾವಿಕಟ್ಟೆ ಅಜ್ಜಿಯ ರಾಜ್ಯ. ಕಾಗೆ ಕೂಗುವ ಮೊದಲೇ ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು. ಒಂದೊಂದೇ ಕೊಡಪಾನ ನೀರು ಸೇದಿ ಅಲ್ಲಿಯೇ ಕಲ್ಲಿನ ಮೇಲೆ ನಿಂತು ಮೈಗೆ ಹೊಯ್ದುಕೊಳ್ಳುತ್ತಿದ್ದಳು. ಬಚ್ಚಲ ಹಂಡೆಯ ಬಿಸಿನೀರು ಅವಳಿಗೆ ಆಗುತ್ತಿರಲಿಲ್ಲ. ಅದು ಹೊಯ್ದುಕೊಂಡಷ್ಟು ಹೊತ್ತು ಬೆಚ್ಚಗೆ, ಆಮೇಲೆ ನಡುಕ, ಬಾವಿಯ ನೀರು ಮಧ್ಯಾಹ್ನದವರೆಗೆ ಮೈಯಲ್ಲಿ ಕೂತಿರುತ್ತದೆ ಎನ್ನುತ್ತಿದ್ದಳು. ಸ್ನಾನವಾದ ಮೇಲೆ ಹಲಸಿನ ತರಗೆಲೆ ಗುಡಿಸಿ ಬೆಂಕಿ ಹಾಕಿ, ಬೂದಿಯಲ್ಲಿ ಗೆಣಸು ಹೂತು, ಅದು ಬೇಯುವುದರೊಳಗೆ ಬಸಳೆಯ ಚಪ್ಪರಕ್ಕೆ ನೀರು ಹೊಯ್ದು ಬರುತ್ತಿದ್ದಳು. ನೀರು ಸೇದುವಾಗ ಅವಳ ಬೆನ್ನು ನೋಡಬೇಕಿತ್ತು, ಹಲಗೆಯ ಹಾಗೆ ನೆಟ್ಟಗೆ.

ಹಿಂದಿನ ವರ್ಷ ಇದೇ ದಿನಗಳಲ್ಲಿ ಅಜ್ಜಿಯ ತಂಗಿ ಕೊಡಿಯಾಲ್‌ಬೈಲಿನಲ್ಲಿ ತೀರಿಕೊಂಡಿದ್ದಳು. ಮೊದಲು ಕೆಮ್ಮು, ಮತ್ತೆ ಜ್ವರ, ಎದೆಯಲ್ಲಿ ಕಫ. ಮಾವನನ್ನು ಅರ್ಧ ಸಾಕಿದವಳು ಅವಳೇ. ಆ ಡಿಸೆಂಬರಿನ ಒಂದು ಸಂಜೆ ಅಜ್ಜಿ ನಾಲ್ಕು ಸಲ ಕೆಮ್ಮಿದಳು. ಮೆಣಸಿನ ಕಷಾಯ ಕುಡಿದರೆ ಹೋಗುವ ಕೆಮ್ಮು. ಆದರೆ ಮಾವ ಉಣ್ಣುವುದನ್ನು ನಿಲ್ಲಿಸಿ ಅವಳನ್ನು ನೋಡಿದರು, ಗೋಡೆಯ ಮೇಲಿನ ಮುದುಕಿಯನ್ನು ನೋಡಿದರು. ಮರುದಿನ ಎಲ್ಲಿಂದಲೋ ಉಣ್ಣೆಯ ಶಾಲು, ಕಿವಿ ಮುಚ್ಚುವ ಟೊಪ್ಪಿ, ಒಂದು ಜೊತೆ ಕಾಲುಚೀಲ ತಂದರು. ಮಂಗಳೂರಿನಲ್ಲಿ ಕಾಲುಚೀಲ!

ಅಜ್ಜಿ ಮೊದಲು ಬೈದಳು. ಆಗ ಮಾವ, ಅಷ್ಟು ದೊಡ್ಡ ಮೀಸೆಯ ಮನುಷ್ಯ, ಅತ್ತುಬಿಟ್ಟರು. "ಚಿಕ್ಕಮ್ಮನನ್ನು ಕಳೆದುಕೊಂಡೆ. ನಿಮ್ಮನ್ನೂ ಕಳೆದುಕೊಳ್ಳಲಿಕ್ಕೆ ನನ್ನಿಂದ ಆಗುವುದಿಲ್ಲ" ಎಂದರು. ಮಗ ಅತ್ತಾಗ ಅಜ್ಜಿ ಸೋತಳು. ಅವನ ಹೆದರಿಕೆ ಹೋಗುವವರೆಗೆ ನಾಲ್ಕು ದಿನ ಕೂತರೆ ಎಂತ ಗಂಟು ಹೋಗುತ್ತದೆ ಎಂದು ಟೊಪ್ಪಿ ಹಾಕಿಕೊಂಡಳು.

ಮನೆಯಲ್ಲಿ ಕೆಂಡದ ಮಡಕೆ ಇದ್ದದ್ದು ನನ್ನ ಬಾಣಂತಿ ಕೋಣೆಯಲ್ಲಿ ಮಾತ್ರ. ಹಾಗಾಗಿ ಅಜ್ಜಿಯ ಚಾಪೆಯೂ ಅಲ್ಲಿಗೆ ಬಂತು. ಒಂದು ಬದಿಗೆ ತಲೆಗೆ ಬಟ್ಟೆ ಕಟ್ಟಿದ ನಾನು, ನಡುವೆ ಸುತ್ತಿಟ್ಟ ಕೂಸು, ಆ ಬದಿಗೆ ಟೊಪ್ಪಿಯ ಅಜ್ಜಿ. ಮೂವರಿಗೂ ಗಾಳಿ ಬೇಡ, ತಣ್ಣೀರು ಬೇಡ, ಬಾಗಿಲು ತೆರೆಯುವುದು ಬೇಡ. ನನಗೆ ಅದಕ್ಕೊಂದು ಲೆಕ್ಕ ಇತ್ತು, ಇಷ್ಟು ದಿನ ಆದ ಮೇಲೆ ಹೊರಗೆ ಬರಬಹುದು ಎಂದು. ಅಜ್ಜಿಗೆ ಅಂಥ ಲೆಕ್ಕವನ್ನು ಯಾರೂ ಹೇಳಿರಲಿಲ್ಲ.

ಮೊದಲ ದಿನಗಳಲ್ಲಿ ಅವಳಿಗೆ ಅದೊಂದು ಆಟ. ಗಲ್ಲವನ್ನು ಎದೆಗೆ ತಾಗಿಸಿ, ಎರಡೂ ಕೈ ಕೆಂಡದ ಕಡೆ ಚಾಚಿ, ಗೋಡೆಯ ಮುದುಕಿಯಂತೆಯೇ ಕೂತು "ಈಗ ಸರಿಯಾಯ್ತಾ?" ಎಂದು ಕೇಳುತ್ತಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ, ಬಾಣಂತಿ ಹಾಗೆಲ್ಲ ನಗಬಾರದು ಎಂದು ಅಮ್ಮನ ಬೈಗುಳ.

ಬದಲಾದದ್ದು ಯಾವಾಗ ಎಂದು ನನಗೆ ಈಗಲೂ ಸರಿಯಾಗಿ ಹೇಳಲಿಕ್ಕಾಗುವುದಿಲ್ಲ. ಕೋಣೆಯೊಳಗೆ ನೋಡುವುದಕ್ಕೆ ಬೇರೆ ಏನೂ ಇಲ್ಲದ್ದರಿಂದ ನಾನು ಅಜ್ಜಿಯನ್ನೇ ನೋಡುತ್ತಿದ್ದೆ. ಮೊದಲು ಬದಲಾದವರು ಬರುವ ಜನ. ಮೀನಿನ ಹೆಂಗಸು ಅಜ್ಜಿಯೊಡನೆ ಬಂಗುಡೆಯ ಕಿವಿರು ಎತ್ತಿ ತೋರಿಸಿ ಜಗಳ ಆಡುತ್ತಿದ್ದವಳು. ಈಗ ಬಾಗಿಲಲ್ಲೇ ನಿಂತು ಕಿವುಡರಿಗೆ ಹೇಳುವ ಹಾಗೆ "ಚಳಿಯಾ ಅಜ್ಜೀ?" ಎಂದು ಕೂಗಿ ಹೋಗುತ್ತಿದ್ದಳು. ಪಕ್ಕದ ಮನೆಯವರೂ ಹಾಗೆಯೇ. ಬಸಳೆಯ ಸುದ್ದಿ, ಕೋರ್ಟಿನ ಸುದ್ದಿ, ಯಾರ ಮನೆಯಲ್ಲಿ ಯಾರಿಗೆ ಮದುವೆ, ಒಂದೂ ಇಲ್ಲ. ಟೊಪ್ಪಿ ಹಾಕಿದ ತಲೆಗೆ ಚಳಿಯ ಹೊರತು ಬೇರೆ ವಿಷಯವೇ ಇರುವುದಿಲ್ಲ ಎಂದು ಅವರೆಲ್ಲ ಮಾತಾಡಿಕೊಂಡಂತಿತ್ತು.

ಅಜ್ಜಿ ಮೊದಮೊದಲು ಇಲ್ಲ ಎನ್ನುತ್ತಿದ್ದಳು. ಮತ್ತೆ ಸುಮ್ಮನಾದಳು. ಒಂದು ದಿನ ಮಧ್ಯಾಹ್ನ, ನನ್ನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿರುವಾಗ, ಯಾರೋ ಕೇಳಿದ್ದಕ್ಕೆ "ಹೌದು, ಚಳಿ" ಎಂದಳು. ನನಗೆ ಹೆದರಿಕೆಯಾಯಿತು. ನೋಡಿದರೆ ಗಲ್ಲ ಎದೆಗೆ ತಾಗಿತ್ತು, ಈ ಸಲ ಆಟಕ್ಕಲ್ಲ. ಕೂತು ಉಂಡರೆ ಕುಡಿಕೆ ಹಣ ಸಾಲದು ಎನ್ನುತ್ತಾರೆ, ಮೈಯ ಕಸುವಿಗೂ ಆ ಮಾತು ಸಲ್ಲುತ್ತದೆ. ಏಳುವಾಗ ಅವಳಿಗೆ ಗೋಡೆ ಬೇಕಾಗುತ್ತಿತ್ತು. ಮಾವ ಅದನ್ನು ಕಂಡು, ಒಳಗೆ ಕೂರಿಸಿದ್ದು ಎಷ್ಟು ಒಳ್ಳೆಯದಾಯಿತು ಎಂದರು. ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಹೊತ್ತು ಕಳೆಯಲಿಕ್ಕೆಂದು ನಾನು ಕೋಣೆಯಲ್ಲಿದ್ದ ಹಳೆಯ ವಾರಪತ್ರಿಕೆಗಳನ್ನೂ ನನ್ನ ಶಾಲೆಯ ಪಾಠಪುಸ್ತಕವನ್ನೂ ತಿರುವಿಹಾಕಿದೆ. ಮುದುಕರ ಚಿತ್ರ ಎಷ್ಟು ಇದ್ದವೋ ಅಷ್ಟನ್ನೂ ಹುಡುಕಿದೆ. ಲೇಹ್ಯದ ಜಾಹೀರಾತಿನಲ್ಲಿ ಕೋಲು ಊರಿದವನು, ಪಾಠದಲ್ಲಿ ಕಂಬಳಿ ಹೊದ್ದು ಕಥೆ ಹೇಳುವವಳು, ಇನ್ನೊಂದರಲ್ಲಿ ಸೊಂಟಕ್ಕೆ ಕೈ ಇಟ್ಟವನು. ಕೊಡಪಾನ ಹಿಡಿದವರು ಒಬ್ಬರೂ ಇಲ್ಲ. ಈ ಚಿತ್ರ ಬರೆಯುವವರಿಗೆ ಮನೆಯಲ್ಲಿ ಅಜ್ಜಿ ಇಲ್ಲವೇ? ನಮ್ಮ ಬೀದಿಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಓಡುತ್ತಿದ್ದ ಮುದುಕಿಯರನ್ನು ಅವರು ನೋಡಿಯೇ ಇಲ್ಲವೇ, ಅಥವಾ ನೋಡಿದರೂ ಅವರು ಮುದುಕಿಯರೆಂದು ತಿಳಿಯಲಿಲ್ಲವೇ?

ನನ್ನ ಬಾಣಂತನ ಮುಗಿದು ಹೊರಗೆ ಬಂದ ಹೊಸತು, ಅಜ್ಜಿ ಮಾತ್ರ ಇನ್ನೂ ಕೋಣೆಯಲ್ಲೇ. ಒಂದು ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚಬೇಕು, ಅಡಿಗೆಮನೆಯ ಕಿಟಕಿಯಲ್ಲಿಟ್ಟ ಕುಪ್ಪಿ ಕಟ್ಟಿ ಕಲ್ಲಾಗಿದೆ. ಕೆಂಡ ಆರಿತ್ತು, ಒಲೆ ಇನ್ನೂ ಹೊತ್ತಿಸಿರಲಿಲ್ಲ. ಅಜ್ಜಿ ಸ್ನಾನಕ್ಕೆ ಹೋಗುವಾಗ ಎಣ್ಣೆಯ ಕುಪ್ಪಿಯನ್ನು ಕೊಡಪಾನದೊಳಗೆ ಇಳಿಸಿಡುತ್ತಿದ್ದದ್ದು ನೆನಪಾಯಿತು. ಯಾಕೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಹಿತ್ತಿಲಿಗೆ ಹೋಗಿ ನೀರು ಸೇದಿ ಹಾಗೆಯೇ ಮಾಡಿದೆ. ಬಾವಿಯಿಂದ ತೆಳ್ಳಗೆ ಹಬೆ ಏಳುತ್ತಿತ್ತು. ಗಾಳಿಗೆ ನನ್ನ ಕೈ ತಣ್ಣಗಾಗಿದ್ದರೂ ನೀರು ಬೆಚ್ಚಗಿತ್ತು. ಸ್ವಲ್ಪ ಹೊತ್ತಿನಲ್ಲಿ ಕುಪ್ಪಿಯ ಬದಿಯಲ್ಲಿ ಎಣ್ಣೆ ಸಡಿಲವಾಯಿತು. ನೀರು ಚೆಲ್ಲಿ ಹೊಸ ನೀರು ಸೇದಿ ಇಟ್ಟೆ. ನಡುವಿನ ಬಿಳಿ ಗಟ್ಟಿ ಸಣ್ಣದಾಗುತ್ತಾ ಆಗುತ್ತಾ ಕರಗಿಹೋಯಿತು.

ನಾನು ಓಡಿಹೋಗಿ ಮಾವನನ್ನು ಎಬ್ಬಿಸಿ ಕರೆದುಕೊಂಡು ಬಂದೆ. ಮಂಜುಗಡ್ಡೆಯಂಥ ನೀರಿನಲ್ಲಿ ತನ್ನ ಅಮ್ಮ ಸಾಯುತ್ತಾರೆ ಎಂದು ಅವರು ಹೇಳುತ್ತಿದ್ದದ್ದು ಈ ನೀರಿಗೇ. ಮಾವ ಕುಪ್ಪಿಯನ್ನು ಎತ್ತಿ ಆಚೆ ಈಚೆ ಬಗ್ಗಿಸಿ ನೋಡಿದರು. ಕೊಡಪಾನದೊಳಗೆ ಕೈ ಹಾಕಿದರು. ಬಹಳ ಹೊತ್ತು ತೆಗೆಯಲಿಲ್ಲ.

"ಎಣ್ಣೆಗೆ ಪ್ರಾಯ ಆಗುವುದಿಲ್ಲ ಮಗಾ" ಎಂದರು.

ಅವರ ಕಣ್ಣಲ್ಲಿ ಮತ್ತೆ ನೀರು ಬಂದಿತ್ತು, ನನ್ನ ಸಿಟ್ಟು ಅರ್ಧ ಇಳಿಯಿತು. ಹೆಗಲ ಬೈರಾಸಿನಿಂದ ಕೈ ಒರೆಸಿಕೊಂಡು, ಅಜ್ಜಿ ಬರುವುದಾದರೆ ಬರಲಿ, ನೀನು ಹತ್ತಿರವೇ ಇರು ಎಂದು ಹೇಳಿ ಒಳಗೆ ಹೋದರು.

ಗೆದ್ದೆ ಎಂದು ನಾನು ಕೋಣೆಗೆ ಹೋದರೆ ಅಜ್ಜಿ ಏಳಲಿಲ್ಲ. "ಬೇಡ ಮಗಾ, ಹೊರಗೆ ಚಳಿ ಉಂಟು. ನನ್ನಿಂದ ಆಗುವುದಿಲ್ಲ" ಎಂದಳು. ಮಾವನ ಅಪ್ಪಣೆಯನ್ನೇನೋ ನಾನು ತಂದಿದ್ದೆ. ಆದರೆ ಅವಳು ತನ್ನ ಬಗ್ಗೆ ನಂಬಿಬಿಟ್ಟದ್ದನ್ನು ಹೇಗೆ ತೆಗೆಯುವುದು? ಚಾವಡಿಯ ಗೋಡೆಯಿಂದ ಕ್ಯಾಲೆಂಡರನ್ನು ಕಿತ್ತು ಒಲೆಗೆ ಹಾಕಬೇಕು ಎನಿಸಿತು. ಅದರಿಂದ ಏನೂ ಆಗುತ್ತಿರಲಿಲ್ಲ, ಆ ಮುದುಕಿ ಗೋಡೆಯಿಂದ ಇಳಿದು ಕೋಣೆಯೊಳಗೆ ಬಂದಾಗಿತ್ತು.

ಮತ್ತೆ ಹೋಗಿ ಒಂದು ಕೊಡಪಾನ ನೀರು ಸೇದಿ ತಂದು ಅವಳ ಮುಂದೆ ಇಟ್ಟೆ. ಅವಳ ಬಲಗೈಯನ್ನು ಹಿಡಿದು ಮಣಿಕಟ್ಟಿನವರೆಗೆ ನೀರಿನಲ್ಲಿ ಇಳಿಸಿದೆ. ಅಜ್ಜಿ ಕಣ್ಣು ಮುಚ್ಚಿದಳು. ಆ ಕೈ ಒಳಗೆ ಬೆರಳು ಬಿಡಿಸಿತು, ಮಡಚಿತು, ಮತ್ತೆ ಬಿಡಿಸಿತು. ಕೂಸು ಎದ್ದು ಅಳಲು ಶುರುಮಾಡಿದರೂ ನಾನು ಅಲುಗಾಡಲಿಲ್ಲ. ಆಮೇಲೆ ಅವಳು ಎಡಗೈಯಿಂದ ಟೊಪ್ಪಿಯನ್ನು ತೆಗೆದು ಚಾಪೆಯ ಮೇಲೆ ಇಟ್ಟಳು.

ಹಿತ್ತಿಲಿಗೆ ಹೋಗುವಾಗ ದಾರಿಯಲ್ಲಿ ಸಿಕ್ಕ ಕಂಬ, ಬಾಗಿಲು, ಒಗೆಯುವ ಕಲ್ಲು, ಎಲ್ಲವನ್ನೂ ಮುಟ್ಟಿಕೊಂಡೇ ಹೋದಳು. ನೀರಿಲ್ಲದೆ ಬಸಳೆ ಒಣಗಿತ್ತು, ಅದನ್ನು ನೋಡಿಯೂ ಯಾರನ್ನೂ ಬೈಯಲಿಲ್ಲ. ಬಾವಿಕಟ್ಟೆಗೆ ಒರಗಿ ನಿಂತು ಕೊಡಪಾನ ಇಳಿಸಿದಳು. ಅದು ತುಂಬಿತು. ಎಳೆದಳು. ಹಗ್ಗ ಒಂದು ಮೊಳ ಮೇಲೆ ಬಂದು ನಿಂತಿತು. ಮತ್ತೆ ಎಳೆದಳು, ಹಗ್ಗ ಜಾರಿತು, ಕೊಡಪಾನ ಕೆಳಗೆ ನೀರಿಗೆ ಬಿದ್ದ ಸದ್ದು ಕೇಳಿತು. ನಾನು ಹಿಂದಿನಿಂದ ಹಗ್ಗ ಹಿಡಿದುಕೊಂಡೆ.

ಅಜ್ಜಿ ಬಗ್ಗಿ ಬಾವಿಯೊಳಗೆ ನೋಡಿದಳು. ಬೆಳಕು ಬರುತ್ತಿತ್ತು. ಕೆಳಗೆ ನೀರಿನಲ್ಲಿ ಅವಳಿಗೆ ಕಂಡದ್ದು ಗೋಡೆಯ ಮುದುಕಿಯ ಹಾಗೆ ಬಾಗಿದ ತಲೆ, ಹೆಗಲಿಗೆ ಇನ್ನೂ ಸುತ್ತಿಕೊಂಡೇ ಇದ್ದ ಆ ಶಾಲು.

"ನಾನು ಆವತ್ತೇ ಹೇಳಿದ್ದೆನಲ್ಲ ಮಗಾ" ಎಂದಳು. "ಊರಿಗೆ ಬಂದವಳು ನೀರಿಗೆ ಬಂದಳು ನೋಡು."

ಮತ್ತೆ ಶಾಲನ್ನು ಬಿಚ್ಚಿ ನನ್ನ ಹೆಗಲಿಗೆ ಹಾಕಿ, ಕಲ್ಲಿನ ಮೇಲೆ ಹೋಗಿ ನಿಂತಳು. ನಾನು ನೀರು ಸೇದಿ ಕೊಟ್ಟೆ, ಅವಳೇ ಹೊಯ್ದುಕೊಂಡಳು.